ಗುರುಗುಟ್ಟುವುದನ್ನು ಬಿಟ್ಟ ನಾಯಿ: ಒಂದು ಕಡಿತದ ಪ್ರಕರಣ ಅಧ್ಯಯನ

ಐದು ವರ್ಷದ ಒಂದು ಹೆಣ್ಣು ಲ್ಯಾಬ್ರಡಾರ್ ನಾಯಿ ತನ್ನದೇ ಮನೆಯ ಏಳು ವರ್ಷದ ಹುಡುಗನ ಕೈಗೆ ಕಚ್ಚಿತು. ಮರಿಯಾಗಿದ್ದಾಗಿನಿಂದ ಅದೇ ಮನೆಯಲ್ಲಿ ಬೆಳೆದ, ಅದುವರೆಗೆ ಯಾರಿಗೂ ಹಲ್ಲು ತಾಗಿಸದ ನಾಯಿ ಅದು. ಘಟನೆ ನಡೆದು ಎರಡನೆಯ ವಾರದಲ್ಲಿ ತಂದೆ ತಾಯಿ ಅದನ್ನು ನನ್ನ ಬಳಿಗೆ ಕರೆತಂದಾಗ ಅವರು ಕೇಳಿದ್ದು ಚಿಕಿತ್ಸೆಯ ವಿಚಾರವನ್ನಲ್ಲ. ಇದನ್ನು ಯಾರಿಗೆ ಕೊಡಬಹುದು, ಯಾರೂ ಒಪ್ಪದಿದ್ದರೆ ದಯಾಮರಣ ಕೊಡಿಸುವುದು ತಪ್ಪಾಗುತ್ತದೆಯೇ ಎಂದು ತಿಳಿದುಕೊಳ್ಳಲು ಅವರು ಬಂದಿದ್ದರು. "ಡಾಕ್ಟರೇ, ಅದು ಸುಮ್ಮನೆ ಮಲಗಿತ್ತು. ಒಂದು ಸೂಚನೆಯನ್ನೂ ಕೊಡದೆ ಕಚ್ಚಿಬಿಟ್ಟಿತು. ಇನ್ನು ಅದನ್ನು ನಂಬುವುದು ಹೇಗೆ?" ಎಂದು ತಂದೆ ಕೇಳಿದರು.

ಕುಟುಂಬದ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನೆಲ್ಲ ಬಿಟ್ಟು ಈ ಪ್ರಕರಣವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಸೂಚನೆಯಿಲ್ಲದೆ ಕಚ್ಚಿತು ಎಂಬ ಮಾತನ್ನು ಪಶುವೈದ್ಯರು ಪದೇ ಪದೇ ಕೇಳುತ್ತಾರೆ. ಅದು ಅಕ್ಷರಶಃ ನಿಜವಾಗಿರುವ ಸಂದರ್ಭಗಳು ಬಹಳ ವಿರಳ. ಈ ನಾಯಿಯೂ ತಿಂಗಳುಗಟ್ಟಲೆ ಸೂಚನೆ ಕೊಟ್ಟಿತ್ತು. ಆ ಸೂಚನೆಯನ್ನು ಕೊಡಬಾರದೆಂದು ಮನೆಯವರೇ, ಒಳ್ಳೆಯ ಉದ್ದೇಶದಿಂದಲೇ, ಅದಕ್ಕೆ ಕಲಿಸಿದ್ದರು.

ಘಟನೆ ಮತ್ತು ಮೊದಲ ಕ್ರಮಗಳು

ಅದೊಂದು ರಜೆಯ ದಿನದ ಸಂಜೆ. ತಂದೆ ನಾಯಿಯನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ, ಎಂದಿಗಿಂತ ಹೆಚ್ಚು ಹೊತ್ತು ಚೆಂಡು ಎಸೆದು ಆಡಿಸಿ ಕರೆತಂದಿದ್ದರು. ಮನೆಗೆ ಬಂದ ನಾಯಿ ನುಣುಪಾದ ಟೈಲ್ಸ್ ನೆಲದ ಮೇಲೆ ಸೋಫಾದ ಪಕ್ಕದಲ್ಲಿ ಮಲಗಿತು. ಸ್ವಲ್ಪ ಹೊತ್ತಿನ ಬಳಿಕ ಹುಡುಗ ಬಂದು, ಎಂದಿನಂತೆ ಅದರ ಬೆನ್ನಿನ ಮೇಲೆ ಒರಗಿ, ಸೊಂಟದ ಸುತ್ತ ಎರಡೂ ಕೈ ಬಳಸಿ ಬಿಗಿಯಾಗಿ ಅಪ್ಪಿಕೊಂಡ. ನಾಯಿ ತಟ್ಟನೆ ಹೊರಳಿ ಅವನ ಬಲಗೈಗೆ ಕಚ್ಚಿ, ಮರುಕ್ಷಣವೇ ಬಿಟ್ಟು, ಮೇಜಿನ ಕೆಳಗೆ ಹೋಗಿ ಕುಳಿತಿತು. ಮುಂಗೈಯ ಮೇಲೆ ಎರಡು ಆಳವಲ್ಲದ ಹಲ್ಲಿನ ಗುರುತು, ಒಂದು ತರಚು ಗಾಯ ಆಗಿತ್ತು. ಕಡಿತದ ತೀವ್ರತೆಯನ್ನು ಅಳೆಯಲು ಇಯಾನ್ ಡನ್‌ಬಾರ್ ಎಂಬ ಪಶುವೈದ್ಯರು ರೂಪಿಸಿದ ಆರು ಹಂತಗಳ ಮಾಪನದಲ್ಲಿ ಇದು ಮೂರನೆಯ ಹಂತಕ್ಕೆ ಬರುತ್ತದೆ: ಚರ್ಮ ತೂತಾಗಿದೆ, ಆದರೆ ಗಾಯ ಕೋರೆಹಲ್ಲಿನ ಅರ್ಧ ಉದ್ದಕ್ಕಿಂತ ಆಳಕ್ಕೆ ಹೋಗಿಲ್ಲ, ಒಮ್ಮೆ ಕಚ್ಚಿ ಬಿಟ್ಟಿದೆ. ಈ ಹಂತವನ್ನು ಮೊದಲೇ ಗುರುತಿಸಿಕೊಳ್ಳುವುದು ಮುಖ್ಯ, ಏಕೆಂದರೆ ಬಾಯಲ್ಲಿ ಹಿಡಿದು ಅಲುಗಾಡಿಸಿದ ಅಥವಾ ಬಿಟ್ಟೂಬಿಡದೆ ಕಚ್ಚಿದ ನಾಯಿಯ ಮುಂದಿನ ದಾರಿಯೇ ಬೇರೆ.

ತಾಯಿ ಆ ಗಳಿಗೆಯಲ್ಲಿ ಮಾಡಿದ್ದು ಸರಿಯಾಗಿತ್ತು. ಗಾಯಕ್ಕೆ ಏನನ್ನೂ ಹಚ್ಚದೆ, ಮಗನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಸೋಪು ಹಾಕಿ ತೊಳೆದು, ಕೂಡಲೇ ಆಸ್ಪತ್ರೆಗೆ ಕರೆದೊಯ್ದರು. ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಎಷ್ಟೋ ಮನೆಗಳಲ್ಲಿ ನಾಯಿಯನ್ನು ಹೊಡೆಯುವ ಗಡಿಬಿಡಿಯಲ್ಲಿ ಇದೊಂದೇ ಕೆಲಸ ಮರೆತುಹೋಗುತ್ತದೆ. ಆಸ್ಪತ್ರೆಯಲ್ಲಿ ನಾಯಿಯ ಲಸಿಕೆ ಪುಸ್ತಕವನ್ನು ಕೇಳಿದಾಗ ಅದರ ರೇಬೀಸ್ ಬೂಸ್ಟರ್‌ನ ಅವಧಿ ಮುಗಿದು ಎಂಟು ತಿಂಗಳಾಗಿತ್ತೆಂದು ತಿಳಿಯಿತು. ಹಾಗಾಗಿ ಹುಡುಗನಿಗೆ ಚುಚ್ಚುಮದ್ದು ಆರಂಭಿಸಿ, ನಾಯಿಯನ್ನು ಹತ್ತು ದಿನ ಮನೆಯೊಳಗೆ ನಿಗಾದಲ್ಲಿಡಲು ವೈದ್ಯರು ಹೇಳಿದರು. ರೇಬೀಸ್ ತಗುಲಿದ ನಾಯಿಯ ಜೊಲ್ಲಿನಲ್ಲಿ ವೈರಾಣು ಕಾಣಿಸಿಕೊಳ್ಳುವುದು ರೋಗಲಕ್ಷಣಗಳಿಗೆ ಕೆಲವೇ ದಿನ ಮೊದಲು. ಆದ್ದರಿಂದ ಕಚ್ಚಿದ ನಾಯಿ ಹತ್ತು ದಿನ ಆರೋಗ್ಯವಾಗಿ ಉಳಿದರೆ ಕಚ್ಚಿದ ಹೊತ್ತಿನಲ್ಲಿ ಅದು ರೋಗ ಹರಡುವ ಸ್ಥಿತಿಯಲ್ಲಿರಲಿಲ್ಲ ಎಂದು ಖಚಿತವಾಗುತ್ತದೆ. ಈ ಅವಧಿಯಲ್ಲಿ ನಾಯಿಗೆ ಲಸಿಕೆ ಹಾಕುವುದಿಲ್ಲ, ಲಸಿಕೆಯಿಂದ ಬರುವ ಸುಸ್ತು ಜ್ವರಗಳು ರೋಗಲಕ್ಷಣದೊಂದಿಗೆ ಗೊಂದಲ ಉಂಟುಮಾಡಬಹುದು. ನಿಗಾ ಮುಗಿದ ಮೇಲೆ ನನ್ನಲ್ಲಿಗೆ ಬಂದಾಗ ಮೊದಲು ಆ ಲಸಿಕೆಯನ್ನೇ ಹಾಕಿದೆ.

ಮನುಷ್ಯರಿಗೆ ಬರುವ ರೇಬೀಸ್ ಪ್ರಕರಣಗಳಲ್ಲಿ ಶೇ. 99ರಷ್ಟು ನಾಯಿಗಳಿಂದ ಬಂದವು. ಲಸಿಕೆಯ ದಿನಾಂಕ ಮರೆತುಹೋಗುವುದು ಸಣ್ಣ ಸಂಗತಿಯೆಂದು ಈ ಮನೆಯವರಿಗೆ ಅದುವರೆಗೆ ಅನ್ನಿಸಿತ್ತು. ಮಗನ ತೋಳಿಗೆ ಸೂಜಿ ಇಳಿಯುವುದನ್ನು ನೋಡಿದ ಮೇಲೆ ಹಾಗೆ ಅನ್ನಿಸಲಿಲ್ಲ.

ಹಿನ್ನೆಲೆ

ಮರಿಯನ್ನು ತಂದಾಗ ಅದಕ್ಕೆ ಆರು ವಾರ. ಮಾರಿದವರು ತಾಯಿನಾಯಿಯನ್ನು ತೋರಿಸಿರಲಿಲ್ಲ, ತೋರಿಸಿ ಎಂದು ಇವರೂ ಕೇಳಿರಲಿಲ್ಲ. ಎಂಟು ವಾರವಾಗುವವರೆಗೆ ಮರಿ ತಾಯಿ ಮತ್ತು ಒಡಹುಟ್ಟುಗಳ ಜೊತೆಗಿದ್ದರೆ ಒಳ್ಳೆಯದು. ಅಮೆರಿಕದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ದೀರ್ಘಕಾಲದ ಸಂಶೋಧನೆಯಿಂದ ತೋರಿಸಿಕೊಟ್ಟಂತೆ, ಹುಟ್ಟಿದ ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಅವಧಿಯಲ್ಲಿ ಮರಿ ಯಾರನ್ನು, ಯಾವುದನ್ನು ಹಿತವಾಗಿ ಪರಿಚಯ ಮಾಡಿಕೊಳ್ಳುತ್ತದೆಯೋ ಅದರ ಮೇಲೆ ಮುಂದಿನ ಸ್ವಭಾವ ಬಹುಮಟ್ಟಿಗೆ ನಿಲ್ಲುತ್ತದೆ. ಈ ನಾಯಿಯ ಮಟ್ಟಿಗೆ ಆ ಕೊರತೆ ಕಾಣಲಿಲ್ಲ. ಜನರಿದ್ದ ಮನೆಯಲ್ಲಿ ಬೆಳೆದ ಅದು ಅಪರಿಚಿತರನ್ನೂ ಮಕ್ಕಳನ್ನೂ ಬಾಲ ಅಲ್ಲಾಡಿಸುತ್ತಲೇ ಎದುರುಗೊಳ್ಳುತ್ತಿತ್ತು. ತಾಯಿನಾಯಿಯನ್ನು ನೋಡದೆ ತಂದದ್ದರ ಪರಿಣಾಮ ಬೇರೆ ಕಡೆ ಕಾಣಿಸಿತು, ಅದನ್ನು ಮುಂದೆ ಹೇಳುತ್ತೇನೆ.

ಮೂರು ವರ್ಷ ತುಂಬುವ ಹೊತ್ತಿಗೆ ನಾಯಿಯ ಓಡಾಟ ಕಡಿಮೆಯಾಯಿತು. ಮೆಟ್ಟಿಲ ಬುಡದಲ್ಲಿ ನಿಂತು ಯೋಚಿಸುವಂತೆ ಮೇಲೆ ನೋಡಿ, ಆಮೇಲೆ ಎರಡೂ ಹಿಂಗಾಲುಗಳನ್ನು ಒಟ್ಟಿಗೆ ಎತ್ತಿಡುತ್ತಾ ಮೊಲದಂತೆ ಹತ್ತುತ್ತಿತ್ತು. ಮಲಗಿ ಏಳುವಾಗ ಮೊದಲು ಮುಂಗಾಲುಗಳನ್ನೂರಿ, ಸ್ವಲ್ಪ ತಡೆದು, ಹಿಂಭಾಗವನ್ನು ಎಳೆದುಕೊಂಡಂತೆ ಏಳುತ್ತಿತ್ತು. ರಾತ್ರಿ ಮಲಗುವ ಜಾಗವನ್ನು ಪದೇ ಪದೇ ಬದಲಿಸುತ್ತಿತ್ತು. ಮನೆಯವರು ಇದಕ್ಕೆಲ್ಲ ಸೋಮಾರಿತನ ಎಂದು ಹೆಸರಿಟ್ಟರು. ಓಡಾಟ ಕಡಿಮೆಯಾದರೂ ಊಟ ಕಡಿಮೆಯಾಗಲಿಲ್ಲ. ಪ್ರೀತಿಯಿಂದ ಹಾಕುವ ತುತ್ತುಗಳು ಇನ್ನಷ್ಟು ಹೆಚ್ಚಿದವು.

ಕಡಿತಕ್ಕೆ ಸುಮಾರು ಒಂದು ವರ್ಷ ಮೊದಲು, ಮಲಗಿರುವಾಗ ಯಾರಾದರೂ ಮೈಮೇಲೆ ಬಾಗಿದರೆ ನಾಯಿ ಗುರುಗುಟ್ಟತೊಡಗಿತು. ಇದೇ ಈ ಪ್ರಕರಣದ ತಿರುವು. ಆಗಲೇ ಪಶುವೈದ್ಯರ ಬಳಿ ಹೋಗಿದ್ದರೆ ಹುಡುಗನ ಕೈಗೆ ಗಾಯವಾಗುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ. ಅವರು ಹೋದದ್ದು ತರಬೇತುದಾರರೊಬ್ಬರ ಬಳಿಗೆ. ನಾಯಿ ಮನೆಯಲ್ಲಿ ಯಜಮಾನಿಕೆ ಸಾಧಿಸಲು ನೋಡುತ್ತಿದೆ, ಗುರುಗುಟ್ಟಿದಾಗಲೆಲ್ಲ ಕತ್ತಿನ ಚರ್ಮ ಹಿಡಿದು ನೆಲಕ್ಕೆ ಒತ್ತಿ, ಅದು ಸುಮ್ಮನಾಗುವವರೆಗೂ ಬಿಡಬಾರದು ಎಂದು ಅವರು ಹೇಳಿಕೊಟ್ಟರು. ತಂದೆ ಅದನ್ನು ಶ್ರದ್ಧೆಯಿಂದ ಪಾಲಿಸಿದರು. ಕೆಲವೇ ವಾರಗಳಲ್ಲಿ ಗುರುಗುಟ್ಟುವುದು ನಿಂತುಹೋಯಿತು, ನಾಯಿ ಸುಧಾರಿಸಿತೆಂದು ಎಲ್ಲರೂ ನಿಟ್ಟುಸಿರು ಬಿಟ್ಟರು.

ಈ ಯಜಮಾನಿಕೆಯ ಸಿದ್ಧಾಂತದ ಮೂಲ ತಿಳಿದಿದ್ದರೆ ಜನ ಅದನ್ನು ಇಷ್ಟು ಸುಲಭವಾಗಿ ಒಪ್ಪುತ್ತಿರಲಿಲ್ಲ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ಪ್ರಾಣಿಶಾಸ್ತ್ರಜ್ಞರು ಆವರಣವೊಂದರಲ್ಲಿ ಕೂಡಿಹಾಕಿದ್ದ ತೋಳಗಳ ಕಾದಾಟವನ್ನು ಗಮನಿಸಿ, ಗುಂಪಿನ ಮೇಲ್ಸ್ಥಾನಕ್ಕಾಗಿ ನಡೆಯುವ ಪೈಪೋಟಿಯನ್ನು ವಿವರಿಸಿದರು. 1970ರಲ್ಲಿ ತೋಳಗಳ ಸಂಶೋಧಕ ಡೇವಿಡ್ ಮೆಕ್ ಅದನ್ನು ಜನಪ್ರಿಯಗೊಳಿಸಿದರು. ಮುಂದೆ ಕಾಡುತೋಳಗಳನ್ನು ವರ್ಷಗಟ್ಟಲೆ ಹತ್ತಿರದಿಂದ ನೋಡಿದ ಅದೇ ಮೆಕ್, ಸಹಜ ಸ್ಥಿತಿಯ ತೋಳಗಳ ಗುಂಪೆಂದರೆ ತಂದೆ ತಾಯಿ ಮತ್ತು ಮಕ್ಕಳ ಕುಟುಂಬವೆಂದು 1999ರಲ್ಲಿ ಬರೆದು, ತಾವೇ ಹರಡಿದ ವಿಚಾರವನ್ನು ತಿದ್ದಿದರು. ತೋಳಗಳಿಗೇ ಹೊಂದದ ವಿಚಾರ ಸಾಕುನಾಯಿಗಳ ಕುತ್ತಿಗೆಯನ್ನು ಮಾತ್ರ ಇಂದಿಗೂ ಬಿಟ್ಟಿಲ್ಲ. ಅದರ ಫಲವೇನೆಂಬುದಕ್ಕೂ ಲೆಕ್ಕವಿದೆ. ಮೆಘನ್ ಹೆರಾನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ನಾಯಿಯನ್ನು ಬೆನ್ನಮೇಲೆ ಕೆಡವಿ ಒತ್ತಿಹಿಡಿದವರ ಪೈಕಿ ಶೇ. 31 ಮಂದಿಗೆ, ಹೊಡೆದ ಅಥವಾ ಒದ್ದವರ ಪೈಕಿ ಶೇ. 43 ಮಂದಿಗೆ ನಾಯಿಯಿಂದ ಆಕ್ರಮಣಕಾರಿ ಪ್ರತಿಕ್ರಿಯೆ ಎದುರಾಗಿತ್ತು.

ವಿಡಿಯೊದಲ್ಲಿ ಕಂಡದ್ದು

ಹುಡುಗನೂ ನಾಯಿಯೂ ಒಟ್ಟಿಗಿರುವ ಯಾವುದಾದರೂ ವಿಡಿಯೊ ಇದೆಯೇ ಎಂದು ಕೇಳಿದೆ. ತಾಯಿಯ ಮೊಬೈಲಿನಲ್ಲಿ ಒಂದು ಇತ್ತು. ಕಡಿತಕ್ಕೆ ಕೆಲವು ವಾರ ಮೊದಲು ತೆಗೆದದ್ದು, ಒಂದು ನಿಮಿಷಕ್ಕಿಂತಲೂ ಚಿಕ್ಕದು. ಬಹಳ ಮುದ್ದಾಗಿದೆಯೆಂದು ನೆಂಟರಿಗೆಲ್ಲ ಕಳಿಸಿದ್ದರು. ಹುಡುಗ ನಾಯಿಯ ಬೆನ್ನಿನ ಮೇಲೆ ತಲೆಯಿಟ್ಟು ಮಲಗಿದ್ದಾನೆ, ಹಿನ್ನೆಲೆಯಲ್ಲಿ ನಗು ಕೇಳುತ್ತದೆ. ಅದನ್ನು ಧ್ವನಿಯಿಲ್ಲದೆ, ನಿಧಾನಗತಿಯಲ್ಲಿ ತಂದೆ ತಾಯಿಯ ಜೊತೆ ಕುಳಿತು ನೋಡಿದೆ.

ಹುಡುಗ ಒರಗುವ ಮೊದಲು ನಾಯಿ ಬಾಯಿ ತೆರೆದು ಏದುತ್ತಿದೆ. ಅವನ ತಲೆಯ ಭಾರ ಬಿದ್ದ ಕೂಡಲೇ ಬಾಯಿ ಮುಚ್ಚಿಕೊಳ್ಳುತ್ತದೆ. ಮುಖವನ್ನು ಅವನಿಂದ ಆಚೆಗೆ ತಿರುಗಿಸುತ್ತದೆ. ನಾಲಗೆಯ ತುದಿ ಹೊರಬಂದು ಮೂಗನ್ನೊಮ್ಮೆ ಸವರಿ ಒಳಹೋಗುತ್ತದೆ, ಮತ್ತೊಮ್ಮೆ ಬರುತ್ತದೆ. ಅನಂತರ ಒಂದು ದೊಡ್ಡ ಆಕಳಿಕೆ. ಇಲ್ಲಿಯೇ ನಗು ಜೋರಾಗುತ್ತದೆ, ನಾಯಿಗೆ ನಿದ್ದೆ ಬರುತ್ತಿದೆಯೆಂದು ಯಾರೋ ಹೇಳುತ್ತಾರೆ. ಕಿವಿಗಳು ಹಿಂದಕ್ಕೆ ಅಂಟಿಕೊಂಡಿವೆ. ಹುಡುಗ ತೋಳನ್ನು ಸೊಂಟದ ಕಡೆಗೆ ಸರಿಸಿದಾಗ ನಾಯಿ ತಲೆ ತಿರುಗಿಸದೆ ಕಣ್ಣನ್ನು ಮಾತ್ರ ಅವನತ್ತ ಹೊರಳಿಸುತ್ತದೆ, ಕಣ್ಣಂಚಿನಲ್ಲಿ ಬಿಳಿಯ ಭಾಗ ಅರ್ಧಚಂದ್ರದಂತೆ ಕಾಣುತ್ತದೆ. ಕೊನೆಯ ಕೆಲವು ಸೆಕೆಂಡುಗಳಲ್ಲಿ ಅದು ಮರಗಟ್ಟಿದಂತಾಗುತ್ತದೆ. ಎದೆಯ ಏರಿಳಿತವೂ ಕಾಣದಷ್ಟು ಸ್ತಬ್ಧ.

ಬ್ರಿಟಿಷ್ ಪಶುವೈದ್ಯೆ ಕೆಂಡಲ್ ಶೆಫರ್ಡ್ ಈ ಸೂಚನೆಗಳನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿ ತೋರಿಸಿದ್ದಾರೆ. ಆಕಳಿಕೆ, ಮೂಗು ನೆಕ್ಕುವುದು, ಮುಖ ತಿರುಗಿಸುವುದು ಕೆಳಗಿನ ಮೆಟ್ಟಿಲುಗಳಾದರೆ, ದೂರ ಸರಿಯುವುದು, ಬಾಲ ಮುದುರಿ ಕುಗ್ಗುವುದು, ಮರಗಟ್ಟಿ ದಿಟ್ಟಿಸುವುದು ಅದಕ್ಕಿಂತ ಮೇಲಿನವು. ಗುರುಗುಟ್ಟುವುದು, ಮೈಗೆ ತಾಗಿಸದೆ ಗಾಳಿಗೆ ಬಾಯಿ ಹಾಕುವುದು, ಕೊನೆಗೆ ಕಚ್ಚುವುದು ತುದಿಯ ಮೆಟ್ಟಿಲುಗಳು. ಕೆಳಗಿನ ಸೂಚನೆಗಳನ್ನು ಎದುರಿನವರು ಗಮನಿಸದೆ ಹೋದಾಗ ನಾಯಿ ಮೇಲಕ್ಕೆ ಏರುತ್ತದೆ. ಈ ಮನೆಯಲ್ಲಿ ಕೆಳಗಿನ ಮೆಟ್ಟಿಲುಗಳು ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಗುರುಗುಟ್ಟುವ ಮೆಟ್ಟಿಲನ್ನು ಶಿಕ್ಷೆಯಿಂದ ಕಿತ್ತುಹಾಕಲಾಗಿತ್ತು. ಗುರುಗುಟ್ಟುವ ಅಭ್ಯಾಸ ಹೋಗಿತ್ತೇ ಹೊರತು ಅದರ ಹಿಂದಿನ ಕಾರಣ ಇದ್ದಲ್ಲೇ ಇತ್ತು. ಜೊತೆಗೆ, ಮನುಷ್ಯರು ಮೈಮೇಲೆ ಬಾಗಿದರೆ ನೋವಿನ ಮೇಲೆ ಶಿಕ್ಷೆಯೂ ಬೀಳುತ್ತದೆಂಬ ಹೊಸ ಭಯವೂ ಸೇರಿಕೊಂಡಿತ್ತು.

ವಿಡಿಯೊ ಮುಗಿದಾಗ ತಾಯಿ ಬಹಳ ಹೊತ್ತು ಮಾತನಾಡಲಿಲ್ಲ. ಕಚ್ಚಿದ ಮೇಲೆ ನಾಯಿ ಕಿವಿ ಇಳಿಬಿಟ್ಟು ಕುಗ್ಗಿ ಕುಳಿತಿದ್ದನ್ನು ನೆನಪಿಸಿ, ತಪ್ಪು ಮಾಡಿದ್ದೇನೆಂದು ಅದಕ್ಕೆ ಗೊತ್ತಿತ್ತಲ್ಲವೇ ಎಂದು ತಂದೆ ಕೇಳಿದರು. ನಾಯಿಯ ಆ ಮುಖಭಾವವನ್ನು ನಾಯಿಗಳ ವರ್ತನೆಯ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಯೋಗಕ್ಕೆ ಒಡ್ಡಿದ್ದರು. ತಿನ್ನಬೇಡವೆಂದು ಮಾಲೀಕರು ಹೇಳಿದ್ದ ತಿಂಡಿಯನ್ನು ನಾಯಿ ನಿಜವಾಗಿ ತಿಂದಿತ್ತೋ ಇಲ್ಲವೋ ಎಂಬುದಕ್ಕೂ ಆ ಮುಖಕ್ಕೂ ಸಂಬಂಧ ಕಾಣಲಿಲ್ಲ. ಮಾಲೀಕರು ಗದರಿದಾಗ ಅದು ಹೆಚ್ಚಾಗಿ ಕಾಣಿಸಿತು, ತಿನ್ನದೆಯೇ ಬೈಸಿಕೊಂಡ ನಾಯಿಗಳಲ್ಲೂ ಕಾಣಿಸಿತು. ಮೇಜಿನ ಕೆಳಗೆ ಕುಳಿತ ನಾಯಿಯಲ್ಲಿದ್ದದ್ದು ಪಶ್ಚಾತ್ತಾಪವೆಂದು ಹೇಳಲು ಆಧಾರವಿಲ್ಲ, ಹೆದರಿಕೆಯೆಂದು ಹೇಳಲು ಸಾಕಷ್ಟಿದೆ.

ದೇಹದ ತಪಾಸಣೆ

ನಡವಳಿಕೆಯ ತೊಂದರೆಯೆಂದು ತಜ್ಞರ ಬಳಿಗೆ ಬರುವ ನಾಯಿ ಬೆಕ್ಕುಗಳಲ್ಲಿ ಕಡಿಮೆಯೆಂದರೂ ಮೂರನೆಯ ಒಂದು ಭಾಗದಷ್ಟಕ್ಕೆ ದೇಹದ ಯಾವುದೋ ನೋವು ಇರುತ್ತದೆಂದು ಡೇನಿಯಲ್ ಮಿಲ್ಸ್ ಮತ್ತು ಸಂಗಡಿಗರು 2020ರಲ್ಲಿ ಅಂದಾಜು ಮಾಡಿದ್ದಾರೆ. ಹಾಗಾಗಿ ದೇಹವನ್ನು ಪರೀಕ್ಷಿಸದೆ ನಾಯಿಯ ಸ್ವಭಾವದ ಬಗ್ಗೆ ತೀರ್ಪು ಕೊಡುವುದನ್ನು ನಾನು ಒಪ್ಪುವುದಿಲ್ಲ.

ಬಾಯಿಕುಕ್ಕೆ ಹಾಕಿಸಿ ಪರೀಕ್ಷಿಸಿದೆ. ತೂಕ 38 ಕಿಲೋ ಇತ್ತು; ಪಕ್ಕೆಲುಬುಗಳನ್ನು ಬೆರಳಿನಿಂದ ಒತ್ತಿ ಹುಡುಕಬೇಕಾಯಿತು, ಮೇಲಿನಿಂದ ನೋಡಿದರೆ ಸೊಂಟದ ತಗ್ಗೇ ಇರಲಿಲ್ಲ. ಮುಂಭಾಗದ ಮಾಂಸಖಂಡಗಳು ಗಟ್ಟಿಯಾಗಿದ್ದರೆ ಹಿಂದೊಡೆಗಳು ಸೊರಗಿದ್ದವು. ಭಾರವನ್ನು ಮುಂಗಾಲುಗಳ ಮೇಲೆ ಹಾಕಿ ನಡೆಯುವ ನಾಯಿಯಲ್ಲಿ ಹೀಗಾಗುತ್ತದೆ. ಹಿಂಗಾಲನ್ನು ಮೆಲ್ಲಗೆ ಹಿಂದಕ್ಕೆ ಚಾಚಿದಾಗ ಅದು ಕೂಗಲಿಲ್ಲ. ಉಸಿರು ಬಿಗಿಹಿಡಿದು, ತಲೆ ಹೊರಳಿಸಿ ನನ್ನ ಕೈಯನ್ನು ನೋಡಿತು. ಎಕ್ಸ್-ರೇಯಲ್ಲಿ ಎರಡೂ ಸೊಂಟದ ಕೀಲುಗಳ ಬಟ್ಟಲು ಆಳವಿಲ್ಲದೆ ಇರುವುದೂ, ಕೀಲಿನ ಅಂಚಿನಲ್ಲಿ ಹೊಸ ಎಲುಬು ಬೆಳೆದು ಸಂಧಿವಾತ ಮುಂದುವರಿದಿರುವುದೂ ಕಂಡಿತು. ಸೊಂಟದ ಕೀಲು ಸರಿಯಾಗಿ ಕೂಡದ ಈ ತೊಂದರೆ ಲ್ಯಾಬ್ರಡಾರ್‌ನಂಥ ದೊಡ್ಡ ತಳಿಗಳಲ್ಲಿ ವಂಶಪಾರಂಪರ್ಯವಾಗಿ ಬರುತ್ತದೆ. ಮರಿ ಮಾಡಿಸುವ ಮೊದಲು ತಂದೆ ತಾಯಿ ನಾಯಿಗಳ ಸೊಂಟದ ಎಕ್ಸ್-ರೇ ತೆಗೆಸುವುದು ಇದೇ ಕಾರಣಕ್ಕೆ, ಮರಿ ಕೊಳ್ಳುವವರು ಆ ವರದಿಯನ್ನು ಕೇಳಬೇಕೆನ್ನುವುದೂ ಇದೇ ಕಾರಣಕ್ಕೆ.

ಈಗ ಆ ಸಂಜೆಯನ್ನು ಮತ್ತೆ ನೋಡಬಹುದು. ಸವೆದ ಸೊಂಟದ ಕೀಲುಗಳುಳ್ಳ, ಹೆಚ್ಚು ತೂಕದ ನಾಯಿಯನ್ನು ಚೆಂಡಿನ ಹಿಂದೆ ಓಡಿಸಿ, ಗಕ್ಕನೆ ನಿಲ್ಲಿಸಿ, ತಿರುಗಿಸಿ ಆಡಿಸಲಾಗಿತ್ತು. ನೋವು ಉಲ್ಬಣಿಸಿ ಮಲಗಿದ್ದ ಹೊತ್ತಿನಲ್ಲಿ ನೋಯುವ ಜಾಗದ ಮೇಲೆಯೇ ಹುಡುಗನ ಭಾರ ಬಿತ್ತು. ಗುರುಗುಟ್ಟಿದರೆ ಶಿಕ್ಷೆಯೆಂದು ಅದಕ್ಕೆ ಗೊತ್ತಿತ್ತು, ನುಣುಪು ನೆಲದ ಮೇಲೆ ಬೇಗ ಎದ್ದು ಹೋಗಲು ಅದರಿಂದ ಆಗುತ್ತಿರಲಿಲ್ಲ.

ವಿಷಯ ತಿಳಿದ ಅಜ್ಜಿ ಮುಂದಿನ ಭೇಟಿಗೆ ತಾವೇ ಬಂದರು. ಅವರಿಗೂ ಬಹುಕಾಲದ ಮಂಡಿನೋವು. "ನಾನೂ ಹೀಗೇ ಏಳ್ತೀನಿ ಡಾಕ್ಟರೇ, ಮೊದಲು ಕೈ ಊರಿ, ಆಮೇಲೆ ಸ್ವಲ್ಪ ತಡೆದು. ಪಕ್ಕದಲ್ಲೇ ಇದ್ದೂ ನನಗೆ ಹೊಳೀಲಿಲ್ಲ," ಎಂದರು. ತಮ್ಮ ನೋವಿನ ಮಾತ್ರೆಯನ್ನೇ ಅರ್ಧ ಮಾಡಿ ಕೊಡಬಹುದೇ ಎಂದೂ ಕೇಳಿದರು. ಕೇಳಿದ್ದು ಒಳ್ಳೆಯದಾಯಿತು. ಮನುಷ್ಯರು ಸಾಮಾನ್ಯವಾಗಿ ನುಂಗುವ ಐಬುಪ್ರೊಫೆನ್ ನಾಯಿಯ ಜಠರದಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸಬಲ್ಲದು, ಪ್ಯಾರಾಸಿಟಮಾಲ್ ಯಕೃತ್ತಿಗೆ ಹಾನಿ ಮಾಡಬಲ್ಲದು. ಕರುಣೆಯಿಂದ ಕೊಟ್ಟ ಮಾತ್ರೆಯಿಂದಲೇ ಸತ್ತ ನಾಯಿಗಳಿವೆ. ರಕ್ತಪರೀಕ್ಷೆಯಲ್ಲಿ ಯಕೃತ್ತು, ಮೂತ್ರಪಿಂಡ ಸರಿಯಿರುವುದನ್ನು ಖಚಿತಪಡಿಸಿಕೊಂಡು, ನಾಯಿಗಳಿಗೆಂದೇ ಇರುವ ಉರಿಯೂತ ನಿವಾರಕ ಔಷಧವನ್ನು ಆರಂಭಿಸಿದೆ.

ಕೊಡುವುದೋ, ಇಟ್ಟುಕೊಳ್ಳುವುದೋ

ಮನೆಯಲ್ಲಿ ಒಮ್ಮತವಿರಲಿಲ್ಲ. ತಾಯಿಗೆ ನಾಯಿಯನ್ನು ಉಳಿಸಿಕೊಳ್ಳುವ ಮನಸ್ಸಿತ್ತು, ತಂದೆಗೆ ಮಗನ ಸುರಕ್ಷತೆ ಮೊದಲಾಗಿತ್ತು, ಹುಡುಗ ತನ್ನಿಂದಾಗಿಯೇ ನಾಯಿಯನ್ನು ಕಳಿಸುತ್ತಿದ್ದಾರೆಂದು ಸರಿಯಾಗಿ ಊಟ ಮಾಡುತ್ತಿರಲಿಲ್ಲ. ತಂದೆಯನ್ನು ಕಲ್ಲುಹೃದಯದವರೆಂದು ತಿಳಿಯುವುದು ಅನ್ಯಾಯ. ಮಕ್ಕಳಿಗೆ ಕಚ್ಚುವ ನಾಯಿಗಳಲ್ಲಿ ಹೆಚ್ಚಿನವು ಪರಿಚಯದ ನಾಯಿಗಳೇ, ಚಿಕ್ಕ ಮಕ್ಕಳಿಗೆ ಗಾಯವಾಗುವುದು ಬಹುಪಾಲು ಮುಖ ಮತ್ತು ತಲೆಗೇ. ಹುಡುಗ ಆ ದಿನ ಕುತ್ತಿಗೆಯ ಕಡೆಯಿಂದ ಅಪ್ಪಿದ್ದರೆ ಏನಾಗುತ್ತಿತ್ತೆಂಬ ಯೋಚನೆ ಅವರನ್ನು ನಿದ್ದೆಗೆಡಿಸಿತ್ತು, ಅದು ಸುಳ್ಳು ಭಯವಲ್ಲ.

ಬೇರೆ ಮನೆಗೆ ಕೊಡುವುದು ಎಲ್ಲ ಸಂದರ್ಭದಲ್ಲೂ ತಪ್ಪಲ್ಲ. ಮನೆಯವರಿಗೆ ಎಚ್ಚರ ವಹಿಸುವ ಶಕ್ತಿಯಿಲ್ಲದಾಗ, ಅಥವಾ ಮಗು ಹೇಳಿದ್ದನ್ನು ತಿಳಿದುಕೊಳ್ಳಲಾರದಷ್ಟು ಚಿಕ್ಕದಾದಾಗ, ಮಕ್ಕಳಿಲ್ಲದ ಒಳ್ಳೆಯ ಮನೆ ನಾಯಿಗೂ ಮಗುವಿಗೂ ಹಿತ. ಆದರೆ ಕಚ್ಚಿದ್ದನ್ನು ಮುಚ್ಚಿಟ್ಟು ಕೊಡುವುದು, ಇಲ್ಲವೇ ದೂರ ಎಲ್ಲೋ ಬಿಟ್ಟುಬರುವುದು ಅಪಾಯವನ್ನು ಇನ್ನೊಬ್ಬರ ಮಗುವಿನ ಮೇಲೆ ಹಾಕಿದಂತೆ. ದಯಾಮರಣದ ಪ್ರಶ್ನೆಗೂ ನೇರವಾಗಿಯೇ ಉತ್ತರಿಸಿದೆ: ನೋವನ್ನು ತಡೆಯಲಾಗದ, ಅಥವಾ ಕಡಿತ ತೀವ್ರವಾಗಿದ್ದು ಮುನ್ನೆಚ್ಚರಿಕೆಯಿಂದಲೂ ನಿಭಾಯಿಸಲಾಗದ ಪ್ರಕರಣಗಳಲ್ಲಿ ಅದನ್ನು ನಾನೇ ಸೂಚಿಸುತ್ತೇನೆ. ಇಲ್ಲಿ ಕಡಿತ ಒಂದೇ, ಆಳವಲ್ಲದ್ದು. ಕಾರಣ ಸ್ಪಷ್ಟವಾಗಿದ್ದು ಚಿಕಿತ್ಸೆಗೆ ಬಗ್ಗುವಂಥದು. ಹುಡುಗ ಏಳು ವರ್ಷದವನು, ಹೇಳಿದರೆ ತಿಳಿದುಕೊಳ್ಳಬಲ್ಲವನು. ಇಟ್ಟುಕೊಂಡು ಪ್ರಯತ್ನಿಸುವುದು ನ್ಯಾಯವೆಂದು ಹೇಳಿದೆ. ಮೂರು ತಿಂಗಳ ಬಳಿಕ ಮತ್ತೆ ಕುಳಿತು ನಿರ್ಧರಿಸುವ ಷರತ್ತಿನ ಮೇಲೆ ತಂದೆ ಒಪ್ಪಿದರು.

ಇಷ್ಟು ಪ್ರೀತಿಯಿಂದ ಸಾಕಿದ್ದೇವೆ, ನಾವು ಏನು ಕಡಿಮೆ ಮಾಡಿದೆವು ಎಂದು ಅವರು ಕೇಳಿದ್ದು ನೆನಪಿದೆ. 1979ರಲ್ಲಿ ಬ್ರಿಟನ್ನಿನ ಕೃಷಿಪ್ರಾಣಿಗಳ ಕ್ಷೇಮ ಮಂಡಳಿ ಸಾಕುಪ್ರಾಣಿಗಳ ಹಿತವನ್ನು ಐದು ಸ್ವಾತಂತ್ರ್ಯಗಳಾಗಿ ಹೇಳಿತು. ಹಸಿವು ಬಾಯಾರಿಕೆಯಿಂದ ಬಿಡುಗಡೆ, ಇರಲು ತಕ್ಕ ಜಾಗ, ನೋವು ಮತ್ತು ರೋಗದಿಂದ ಬಿಡುಗಡೆ, ಸಹಜವಾಗಿ ವರ್ತಿಸುವ ಅವಕಾಶ, ಭಯ ಮತ್ತು ಸಂಕಟದಿಂದ ಬಿಡುಗಡೆ. ಕೃಷಿಪ್ರಾಣಿಗಳಿಗಾಗಿ ಬರೆದದ್ದಾದರೂ ಮನೆಯ ನಾಯಿಗೂ ಅದು ಅಷ್ಟೇ ಸಲ್ಲುತ್ತದೆ. ಈ ಮನೆಯಲ್ಲಿ ಮೊದಲೆರಡು ಧಾರಾಳವಾಗಿದ್ದವು, ಊಟವಂತೂ ಅತಿಯಾಗಿತ್ತು. ಉಳಿದ ಮೂರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಕೈಗೊಂಡ ಕ್ರಮಗಳು

ಮೊದಲ ದಿನದಿಂದಲೇ ಹುಡುಗ ಮತ್ತು ನಾಯಿಯ ನಡುವೆ ಅಡ್ಡಗೇಟು ಬಂತು. ದೊಡ್ಡವರೊಬ್ಬರು ಕಣ್ಣಿಟ್ಟು ನೋಡುತ್ತಿರುವಾಗ ಮಾತ್ರ ಇಬ್ಬರೂ ಒಂದೇ ಕಡೆ ಇರಬಹುದು. ಅದೇ ಕೋಣೆಯಲ್ಲಿ ಮೊಬೈಲ್ ನೋಡುತ್ತಾ ಕುಳಿತಿರುವುದನ್ನು ಕಣ್ಣಿಡುವುದೆಂದು ಎಣಿಸುವಂತಿಲ್ಲ. ಜನರ ಓಡಾಟವಿಲ್ಲದ ಮೂಲೆಯಲ್ಲಿ ದಪ್ಪ ಹಾಸಿಗೆ ಹಾಕಿ, ನಾಯಿ ಅಲ್ಲಿದ್ದಾಗ ಯಾರೂ ಅದನ್ನು ಮುಟ್ಟಬಾರದು, ಕರೆಯಲೂಬಾರದು ಎಂದು ನಿಯಮ ಮಾಡಲಾಯಿತು. ಅದು ನಡೆದಾಡುವ ದಾರಿಯುದ್ದಕ್ಕೂ ಜಾರದ ಚಾಪೆಗಳು ಬಂದವು. ಚೆಂಡಾಟ ನಿಂತಿತು. ಅದರ ಬದಲು ದಿನಕ್ಕೆ ಹಲವು ಸಲ ಚಿಕ್ಕ ನಡಿಗೆ, ಅದೂ ನಾಯಿಯ ವೇಗಕ್ಕೆ ತಕ್ಕಂತೆ, ಬೇಕಾದಲ್ಲಿ ನಿಂತು ಬೇಕಾದಷ್ಟು ಹೊತ್ತು ಮೂಸಲು ಬಿಟ್ಟು. ಮೂಸುವುದು ನಾಯಿಗೆ ಸುತ್ತಲಿನ ಲೋಕವನ್ನು ತಿಳಿಯುವ ಮುಖ್ಯ ದಾರಿ; ಬೆಲ್ಟ್ ಎಳೆದು ಅದನ್ನು ಮುಂದೆ ದಬ್ಬುವ ನಡಿಗೆಯಿಂದ ಕಾಲಿಗೆ ಶ್ರಮ ಸಿಗಬಹುದು, ಮನಸ್ಸಿಗೆ ಏನೂ ಸಿಗುವುದಿಲ್ಲ.

ತೂಕ ಇಳಿಸುವುದು ಎಲ್ಲಕ್ಕಿಂತ ಕಷ್ಟವಾಯಿತು, ಏಕೆಂದರೆ ಪ್ರತಿಯೊಬ್ಬರೂ ಗುಟ್ಟಾಗಿ ಒಂದೊಂದು ತುತ್ತು ಹಾಕುತ್ತಿದ್ದರು. ದಿನದ ಆಹಾರವನ್ನೆಲ್ಲ ಬೆಳಿಗ್ಗೆಯೇ ತೂಗಿ ಒಂದೇ ಡಬ್ಬಿಯಲ್ಲಿಟ್ಟು, ಯಾರು ಏನು ಕೊಟ್ಟರೂ ಅದರಿಂದಲೇ ತೆಗೆದು ಕೊಡಬೇಕೆಂದು ಮಾಡಿದ ಮೇಲೆ ಮಾತ್ರ ಮುಳ್ಳು ಇಳಿಯತೊಡಗಿತು. ಒಂದೇ ಹೆತ್ತಾಯಿಯ ಮರಿಗಳನ್ನು ಜೋಡಿ ಮಾಡಿ ಒಟ್ಟು 48 ಲ್ಯಾಬ್ರಡಾರ್ ನಾಯಿಗಳನ್ನು ಜೀವನಪೂರ್ತಿ ಗಮನಿಸಿ 2002ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ಅವರಿಗೆ ವಿವರಿಸಿದ್ದೆ: ಜೋಡಿಯ ಇನ್ನೊಂದು ನಾಯಿಗಿಂತ ಶೇ. 25ರಷ್ಟು ಕಡಿಮೆ ಉಂಡ ನಾಯಿಗಳು ಸರಾಸರಿ ಸುಮಾರು 1.8 ವರ್ಷ ಹೆಚ್ಚು ಬದುಕಿದವು, ಅವುಗಳಿಗೆ ಸಂಧಿವಾತದ ಚಿಕಿತ್ಸೆ ಬೇಕಾದದ್ದೂ ತಡವಾಗಿ. ಈ ಒಂದು ಅಂಕಿಯೇ ಅಜ್ಜಿಯ ಕೈಯನ್ನು ತಡೆದದ್ದು.

ಹುಡುಗನಿಗೆ ಕಲಿಸಿದ್ದು ಸರಳ. ನಾಯಿಯ ಬಳಿಗೆ ತಾನು ಹೋಗಬಾರದು, ಕೂತಲ್ಲಿಂದ ಕರೆಯಬೇಕು. ಬಂದರೆ ಎದೆಯ ಪಕ್ಕದಲ್ಲಿ ಮೂರು ಸೆಕೆಂಡು ಸವರಿ ಕೈ ತೆಗೆಯಬೇಕು. ಅದು ಮತ್ತೆ ಮೈ ತಾಗಿಸಿದರೆ ಮುಂದುವರಿಸಬಹುದು, ಮುಖ ತಿರುಗಿಸಿದರೆ ಅಥವಾ ಮೂಗು ನೆಕ್ಕಿದರೆ ಅಲ್ಲಿಗೇ ಬಿಡಬೇಕು. ಅಪ್ಪಿಕೊಳ್ಳುವುದು ಪೂರ್ತಿ ಬಂದ್. ವಿಡಿಯೊದಲ್ಲಿದ್ದ ಸೂಚನೆಗಳನ್ನು ಅವನು ದೊಡ್ಡವರಿಗಿಂತ ಬೇಗ ಕಲಿತ. ಕೆಲವೇ ವಾರಗಳಲ್ಲಿ "ಅಪ್ಪಾ, ಅದಕ್ಕೆ ಈಗ ಬೇಡವಂತೆ" ಎಂದು ತಂದೆಯನ್ನೇ ತಡೆಯುವಷ್ಟು.

ಔಷಧ ಹಿಡಿದು ನಡಿಗೆ ಸಲೀಸಾದ ಮೇಲೆ ಭಯದ ಕೆಲಸ ಶುರುವಾಯಿತು. ನಾಯಿ ಹಾಸಿಗೆಯ ಮೇಲಿದ್ದಾಗ ಹುಡುಗ ಬಹಳ ದೂರದಲ್ಲಿ ಹಾದುಹೋಗುವುದು, ಅವನು ಕಂಡೊಡನೆ ತಾಯಿ ನಾಯಿಗೆ ರುಚಿಯಾದ ಒಂದು ತುಣುಕು ಕೊಡುವುದು, ಅವನು ಮರೆಯಾದೊಡನೆ ನಿಲ್ಲಿಸುವುದು. ನಾಯಿಯ ಮೈ ಸಡಿಲವಾಗಿರುವವರೆಗೆ ಮಾತ್ರ ದೂರವನ್ನು ದಿನದಿಂದ ದಿನಕ್ಕೆ ಇಷ್ಟಿಷ್ಟೇ ಕಡಿಮೆ ಮಾಡುವುದು. ಹುಡುಗ ಬರುವುದೆಂದರೆ ನೋವು ಬರುವುದು ಎಂಬ ಕಲಿಕೆಯನ್ನು, ಹುಡುಗ ಬರುವುದೆಂದರೆ ಒಳ್ಳೆಯದು ಬರುವುದು ಎಂಬ ಕಲಿಕೆಯಾಗಿ ತಿರುಗಿಸುವ ಕೆಲಸವಿದು, ಅವಸರಪಟ್ಟರೆ ಕೆಡುತ್ತದೆ. ಬುಟ್ಟಿಯಾಕಾರದ, ಬಾಯಿ ತೆರೆದು ಏದಲೂ ನೀರು ಕುಡಿಯಲೂ ಆಗುವ ಬಾಯಿಕುಕ್ಕೆಯನ್ನು ಅದರೊಳಗೇ ತಿಂಡಿ ಇಟ್ಟು ಅಭ್ಯಾಸ ಮಾಡಿಸಲಾಯಿತು. ಬಾಯಿಕುಕ್ಕೆ ಅವಮಾನದ ಗುರುತೆಂದು ತಂದೆಗೆ ಮೊದಲು ಮುಜುಗರವಿತ್ತು.

ಗುರುಗುಟ್ಟಿದರೆ ಗದರಬಾರದು, ಕೂಡಲೇ ಹಿಂದೆ ಸರಿದು ಕಾರಣ ಹುಡುಕಬೇಕು ಎಂಬ ನಿಯಮವನ್ನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಿದ್ದೆ. ಎರಡು ತಿಂಗಳು ಕಳೆದ ಮೇಲೆ ಒಂದು ದಿನ ಮನೆಗೆ ನೆಂಟರು ಬಂದಿದ್ದರು, ಅಡ್ಡಗೇಟು ತೆರೆದೇ ಉಳಿದಿತ್ತು. ನೆಂಟರ ಚಿಕ್ಕ ಮಗು ನೇರವಾಗಿ ನಾಯಿಯ ಹಾಸಿಗೆಯ ಹತ್ತಿರ ಹೋಗಿ ಬಾಗಿತು. ನಾಯಿ ಮುಖ ತಿರುಗಿಸಿತು, ಆಮೇಲೆ ತಗ್ಗಿದ ದನಿಯಲ್ಲಿ ಗುರುಗುಟ್ಟಿತು. ತಂದೆ ಓಡಿಹೋಗಿ ಮಗುವನ್ನು ಎತ್ತಿಕೊಂಡರು, ನಾಯಿಗೆ ಒಂದು ಮಾತನ್ನೂ ಆಡಲಿಲ್ಲ. ಮರುದಿನ ಫೋನಿನಲ್ಲಿ ಅವರ ದನಿ ಸೋತಿತ್ತು, ಎಲ್ಲ ಮತ್ತೆ ಮೊದಲಿನಂತಾಯಿತೆಂದು ಅವರಿಗೆ ಅನ್ನಿಸಿತ್ತು. ಗೇಟು ತೆರೆದುಳಿದದ್ದು ಗಂಭೀರ ಲೋಪ, ಅದನ್ನು ಹಾಗೆಯೇ ಹೇಳಿದೆ. ಅಂದಿನಿಂದ ನೆಂಟರು ಬಂದಾಗ ನಾಯಿ ಬಾಗಿಲು ಹಾಕಿದ ಕೋಣೆಯಲ್ಲಿರುತ್ತದೆ. ಆದರೆ ಸುಮಾರು ಒಂದು ವರ್ಷದ ಬಳಿಕ ಅದು ಮತ್ತೆ ಗುರುಗುಟ್ಟಿತ್ತು. ಬೇಡ ಎಂದು ಹೇಳಿದರೆ ಈ ಮನೆಯಲ್ಲಿ ಈಗ ಕೇಳಿಸಿಕೊಳ್ಳುತ್ತಾರೆ ಎಂದು ಅದಕ್ಕೆ ತಿಳಿದಿರುವುದರಿಂದಲೇ ಹಲ್ಲನ್ನು ಬಳಸಬೇಕಾಗಿ ಬರಲಿಲ್ಲ. ಇಡೀ ಚಿಕಿತ್ಸೆಯಲ್ಲಿ ನನಗೆ ಅತ್ಯಂತ ಸಮಾಧಾನ ಕೊಟ್ಟ ಸುದ್ದಿ ಅದೇ.

ಒಂದು ವರ್ಷದ ಬಳಿಕ

ಮೂರು ತಿಂಗಳಿಗೆ ನಡೆಯಬೇಕಿದ್ದ ಮಾತುಕತೆ ನಡೆಯಿತು, ನಾಯಿ ಮನೆಯಲ್ಲಿಯೇ ಉಳಿಯಿತು. ವರ್ಷ ತುಂಬುವ ಹೊತ್ತಿಗೆ ಅದರ ತೂಕ 31 ಕಿಲೋಗೆ ಬಂದಿದೆ, ಮೆಟ್ಟಿಲನ್ನು ಒಂದೊಂದೇ ಕಾಲಿಟ್ಟು ಹತ್ತುತ್ತದೆ, ಔಷಧದ ಪ್ರಮಾಣವನ್ನು ಇಳಿಸಲು ಸಾಧ್ಯವಾಗಿದೆ. ಮತ್ತೆ ಕಚ್ಚಿಲ್ಲ. ಇದನ್ನು ವಾಸಿಯಾಯಿತೆಂದು ನಾನು ಬರೆಯುವುದಿಲ್ಲ. ಸಂಧಿವಾತ ಹಿಂದಕ್ಕೆ ಹೋಗುವ ರೋಗವಲ್ಲ. ವಯಸ್ಸಾದಂತೆ ನೋವು ಹೆಚ್ಚುತ್ತದೆ, ಒಮ್ಮೆ ಕಚ್ಚಿದ ನಾಯಿ ಅಂಥದ್ದೇ ಸಂದರ್ಭದಲ್ಲಿ ಮತ್ತೆ ಕಚ್ಚುವ ಸಾಧ್ಯತೆ ಉಳಿದೇ ಇರುತ್ತದೆ. ಆದ್ದರಿಂದ ಅಡ್ಡಗೇಟು ಇಂದಿಗೂ ಇದೆ, ಅಪ್ಪಿಕೊಳ್ಳಬಾರದೆಂಬ ನಿಯಮವೂ ಇದೆ.

ಕುಟುಂಬ ಕೆಲವು ವಿಷಯಗಳನ್ನು ಬರಹದಲ್ಲಿ ಒಪ್ಪಿಕೊಂಡಿದೆ. ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಮತ್ತು ಕೀಲುಗಳ ತಪಾಸಣೆ. ರೇಬೀಸ್ ಬೂಸ್ಟರ್‌ನ ಜವಾಬ್ದಾರಿ ತಂದೆಯದು. ನಡಿಗೆಯಲ್ಲಿ, ನಿದ್ದೆಯಲ್ಲಿ ವ್ಯತ್ಯಾಸ ಕಂಡರೆ ಬರೆದಿಡುವುದು ಅಜ್ಜಿಯ ಕೆಲಸ. ಚರ್ಮ ತೂತಾಗುವಂಥ ಇನ್ನೊಂದು ಕಡಿತವಾದರೆ ಮತ್ತೆ ಎಲ್ಲರೂ ಕುಳಿತು, ಮಕ್ಕಳಿಲ್ಲದ ಮನೆಗೆ ಎಲ್ಲವನ್ನೂ ತಿಳಿಸಿ ಕೊಡುವ ವಿಚಾರವನ್ನು ತೆರೆದ ಮನಸ್ಸಿನಿಂದ ಎತ್ತಿಕೊಳ್ಳುವುದು. ಮುಂದಿನ ತಪಾಸಣೆಯಲ್ಲಿ ಸೊಂಟದ ಎಕ್ಸ್-ರೇಯನ್ನು ಮತ್ತೆ ತೆಗೆದು, ಈಗಿನ ಔಷಧದ ಜೊತೆಗೆ ನೀರಿನಲ್ಲಿ ಮಾಡಿಸುವ ವ್ಯಾಯಾಮವನ್ನು ಸೇರಿಸಬೇಕೇ ಎಂದು ನೋಡಲಿದ್ದೇವೆ.